ಎಂಟಿತ್ತು, ಮೂರಿದೆ

ಸಮುದ್ರದ ಮಟ್ಟದಲ್ಲಿ ಬದುಕಿದ ಟ್ರಕ್ಕು
ಹತ್ತು ಸಾವಿರ ಅಡಿ ಏರಿ ನನ್ನ ಶೆಡ್ಡಿನೆದುರು ನಿಂತಿತು,
ಲೆಡ್‌ವಿಲ್ಲಿನ ಮೇ ತಿಂಗಳ ಕೊಳಕು ಹಿಮದಲ್ಲಿ.
ಇಳಿದವನು ಆಲ್ಸೀಡ್ ಗಿಡ್ರಿ, ಲೂಯಿಸಿಯಾನದ ಕಡಲಂಚಿನವನು,
ಸಿಗಡಿ ದೋಣಿ ಮಾರಿ ಕೊಲೊರಾಡೊ ಗಣಿಗೆ ಬಂದವನು.
ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳಿದ:
"ಬೂಸ್ಟ್ ಎಂಟಿತ್ತು. ಈಗ ಮೂರಿದೆ."
ಮಗುವಿನ ಜ್ವರ ಹೇಳುವ ದನಿ.

ರಸೀದಿಗಳ ಕಂತೆಯನ್ನೇ ತಂದಿದ್ದ.
ಹೊಸ ಬೆಲ್ಟು, ಹೊಸ ಫಿಲ್ಟರು, ಎರಡೆರಡು ಸಲ ಸೆನ್ಸರು,
ಪ್ಲಗ್ಗು ಎಂಟಕ್ಕೆ ಎಂಟೂ.
ಕಂಡಕಂಡ ಕಲ್ಲಿಗೆಲ್ಲ ಕೈಮುಗಿದಿದ್ದಾನೆ, ಪಾಪ,
ಅಂದುಕೊಂಡು ಟಾರ್ಚು ಕಚ್ಚಿ ಬಗ್ಗಿದೆ.

ಜಾರುವ ಬೆಲ್ಟಿಗೆ ಕನ್ನಡಿಯ ಹೊಳಪು ಬರುತ್ತದೆ,
ಸುಟ್ಟ ರಬ್ಬರಿನ ನಾತ. ಇದಕ್ಕೆರಡೂ ಇರಲಿಲ್ಲ.

ಆಮೇಲೆ ಹೊಗೆ.
ಗಾಳಿ ಒಳಬರುವ ಬಾಯಿ ಕಟ್ಟಿ, ಸಣ್ಣ ಕೊಳವೆಯಿಂದ
ಬಿಳಿ ಹೊಗೆ ಊದಿ, ದೀಪ ಆರಿಸಿ, ಟಾರ್ಚು ಹಿಡಿದು ಕಾದೆವು.
ಸೋರುವ ಕಡೆ ಹೊಗೆ ತಾನೇ ಕಳ್ಳನ ಹೆಸರು ಹೇಳುತ್ತದೆ.
ಐದು ನಿಮಿಷ. ಹತ್ತು.
ಗ್ಯಾಸ್ಕೆಟ್ಟು ಬಾಯಿ ಬಿಡಲಿಲ್ಲ, ಹೋಸುಗಳೂ ಬಿಡಲಿಲ್ಲ.
ಕತ್ತಲಲ್ಲಿ ಅವನ ಉಸಿರೊಂದೇ ಕೇಳುತ್ತಿತ್ತು,
ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವವನ ಉಸಿರು.

"ರಾತ್ರಿ ನಿದ್ದೆ ಬರುತ್ತಾ ನಿನಗೆ?"
"ಮೂರಕ್ಕೆ ಎಚ್ಚರ. ಎದೆಯ ಮೇಲೆ ಯಾರೋ ಕೂತ ಹಾಗೆ."
"ಇದಕ್ಕೂ ಅದೇ ಕಾಯಿಲೆ. ಅರ್ಧ."

ಹಲಗೆಯ ಮೇಲೆ ಲೆಕ್ಕ ಬರೆದೆ.
ನಿಮ್ಮೂರಲ್ಲಿ ಗಾಳಿಯ ಭಾರ ಹೆಚ್ಚುಕಡಿಮೆ ಹದಿನೈದು,
ಇಲ್ಲಿ ಹತ್ತು.
ಸೂಪರ್‌ಚಾರ್ಜರ್ ಗಾಳಿಯನ್ನು ಹೆರುವುದಿಲ್ಲ,
ಸಿಕ್ಕಿದ್ದನ್ನು ಒಂದೂವರೆ ಪಟ್ಟು ಹಿಂಡುತ್ತದೆ ಅಷ್ಟೆ.
ಹಿಟ್ಟೇ ಕಮ್ಮಿಯಿದ್ದರೆ ಎಷ್ಟು ನಾದಿದರೇನು,
ರೊಟ್ಟಿ ದೊಡ್ಡದಾಗುತ್ತದೆಯೆ?
ಕಳೆದುಹೋದ ಐದರಲ್ಲಿ ಎರಡೂವರೆ ಈ ಬೆಟ್ಟ ತಿಂದಿತು.
ವಸೂಲಾಗದ ಸಾಲ ಅದು. ಕೊಶೀರ್ ಮನೆತನದ ನನ್ನಜ್ಜ
ಇದರ ಹೊಟ್ಟೆಯಲ್ಲಿ ನಲವತ್ತು ವರ್ಷ ಬೆಳ್ಳಿ ಕೆರೆದ,
ಮನೆಗೆ ಕೆಮ್ಮು ತಂದ.

"ಚಿಕ್ಕ ಪುಲಿ ಹಾಕು. ಇನ್ನೂ ಜೋರು ತಿರುಗಲಿ."
"ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ಅಂದರೆ ಇದೇ," ಅಂದೆ.
ಅವನಿಗೆ ನಗು ಬರಲಿಲ್ಲ.
"ಉಳಿದ ಎರಡೂವರೆ?"

ಬ್ಲೋವರಿನ ಬೆನ್ನಿಗೆ, ಕೈ ತೂರದ ಸಂದಿಯಲ್ಲಿ
ಒಂದು ಬೈಪಾಸ್ ಕವಾಟ, ನಾಣ್ಯದಗಲದ ಲೋಹದ ಚಿಟ್ಟೆ.
ಆರಾಮದಲ್ಲಿ ತೆರೆದಿರಬೇಕು, ಏರಿನಲ್ಲಿ ಮುಚ್ಚಬೇಕು.
ಕಡ್ಡಿಗೆ ಕನ್ನಡಿ ಕಟ್ಟಿ ಇಣುಕಿದೆ.
ಅವನು ಕಾಲೊತ್ತಿದರೂ ಚಿಟ್ಟೆ ಅರೆತೆರೆದೇ ಕೂತಿತ್ತು.
ಹಿಂಡಿದ ಗಾಳಿ ಹಿತ್ತಲ ಬಾಗಿಲಿಂದ ನುಸುಳಿ
ಮುಂಬಾಗಿಲಿಗೇ ಮರಳುತ್ತಿತ್ತು, ಮತ್ತೆ ಹಿಂಡಿಸಿಕೊಳ್ಳಲು,
ದಿನವಿಡೀ ಅದೇ ಮನೆ ಸುತ್ತುವ ನೆಂಟನ ಹಾಗೆ.

ಸ್ಪ್ರಿಂಗು ಗಟ್ಟಿಯಿತ್ತು. ಕೀಲು ಮಾತ್ರ ಅಲುಗದು.
ಅದರ ಸುತ್ತ ಬಿಳಿ ಹುಡಿ.
ಬೆರಳಿಗಂಟಿದ್ದನ್ನು, ಬುದ್ಧಿಯಿಲ್ಲದೆ, ನಾಲಿಗೆಗೆ ಮುಟ್ಟಿಸಿದೆ.
ಉಪ್ಪು.

"ನೀರು ಎಲ್ಲಿತನಕ ಬಂದಿತ್ತು?"
ಇದನ್ನು ಯಾವ ರಸೀದಿಯೂ ಹೇಳಿರಲಿಲ್ಲ.
ತುಂಬ ಹೊತ್ತು ಸುಮ್ಮನಿದ್ದ. ಹೆಡ್‌ಲೈಟಿನ ಕೆಳಗೆ
ಬೆರಳಿಂದ ಗೆರೆ ಎಳೆದ: "ಟ್ರಕ್ಕು ದಿಬ್ಬದ ಮೇಲಿತ್ತು."
ಆಮೇಲೆ ಅದೇ ಬೆರಳನ್ನು ನನ್ನ ಗೋಡೆಯ ಮೇಲೆ
ಎದೆಯ ಮಟ್ಟಕ್ಕೆ ಇಟ್ಟ: "ಮನೆಯೊಳಗೆ, ಇಲ್ಲಿ.
ಮೂರು ದಿನ ಬೀಸಿತು. ಎಲೆಯೆಲ್ಲ ಉಪ್ಪಿಗೆ ಸುಟ್ಟಿತ್ತು."

ಉಜ್ಜಿದೆ, ಎಣ್ಣೆ ಬಿಟ್ಟೆ, ಕಾಯಿಸಿದೆ, ಬೈದೆ.
ಸಂಜೆಗೆ ಚಿಟ್ಟೆ ಟಕ್ಕೆಂದು ಮುಚ್ಚಿತು.
ಫ್ರೀಮಾಂಟ್ ಕಣಿವೆಯ ಏರಿನಲ್ಲಿ ಅವನು ಕಾಲೂರಿದ.
ಬ್ಲೋವರು ಹಳೆಯ ರಾಗಕ್ಕೆ ಕೊರಳೆತ್ತಿತು,
ಮುಳ್ಳು ಎದ್ದು, ನಡುಗಿ, ಐದೂವರೆಗೆ ನಿಂತಿತು.

"ಐದೂವರೆ," ಅಂದ.
"ಐದೂವರೆ," ಅಂದೆ.
ಇನ್ನೊಂದು ತಿರುವಿನವರೆಗೆ ಅದನ್ನೇ ನೋಡಿದ,
ಆಮೇಲೆ ರಸ್ತೆ ನೋಡಿದ.

ಬಿಲ್ಲು: ಕೂಲಿ ನಾಲ್ಕು ಗಂಟೆ. ಬಿಡಿಭಾಗ, ಸೊನ್ನೆ.
ಹಣ ಎಣಿಸಿ ಕೊಟ್ಟು, ಶೆಡ್ಡಿನ ಕಂಬ ಹಿಡಿದು ದಮ್ಮು ತೆಗೆದುಕೊಂಡು,
"ಏರು ಹತ್ತದೆ ಹೋಗಬಹುದಾದ ಹೋಟೆಲ್ಲು
ಈ ಊರಲ್ಲಿ ಒಂದಾದರೂ ಇದೆಯಾ?" ಅಂತ ಕೇಳಿದ.